ಸಪೊಸಿಟರಿ ಇಟ್ಟ ಮೇಲೆ ಸಿರಪ್ ಕುಡಿಸಬಹುದಾ? ಜ್ವರ, ನೋವಿನ ಗುದಮಾರ್ಗದ ಮದ್ದಿನ ಬಗ್ಗೆ ಒಂದು ಟಿಪ್ಪಣಿ

ನರ್ಸಿಂಗ್ ಪಠ್ಯದಲ್ಲಿ ಸಪೊಸಿಟರಿಗೆ ಸಿಗುವುದು ಎರಡೇ ಸಾಲು. ಗುದದ್ವಾರದ ಮೂಲಕ ಕೊಡುವ ಗಟ್ಟಿ ಮದ್ದು, ಮೈಶಾಖಕ್ಕೆ ಕರಗುತ್ತದೆ. ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಮಕ್ಕಳ ವಾರ್ಡಿನಲ್ಲಿ ತಾಯಂದಿರು ಕೇಳುವುದು ಬೇರೆಯೇ. "ಸಿಸ್ಟರ್, ಹಿಂದೆ ಇಟ್ಟು ಒಂದು ಗಂಟೆ ಆಯ್ತು, ಜ್ವರ ಇಳಿದೇ ಇಲ್ಲ, ಸಿರಪ್ ಕುಡಿಸಲಾ?" ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಮದ್ದು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಮಿಲಿಗ್ರಾಂ ಸೇರಿದೆ ಅನ್ನುವ ಮೂರೂ ಗೊತ್ತಿರಬೇಕು. ಅದನ್ನು ನನಗೆ ನಾನೇ ಬಿಡಿಸಿ ಹೇಳಿಕೊಂಡದ್ದು ಈ ಟಿಪ್ಪಣಿ. ಜೊತೆಗೆ ಓದುತ್ತಿರುವವರಿಗೂ ಉಪಯೋಗಕ್ಕೆ ಬರಲಿ ಅಂತ ಹಂಚಿಕೊಳ್ಳುತ್ತಿದ್ದೇನೆ. ಡೋಸ್ ತೀರ್ಮಾನ ಯಾವಾಗಲೂ ವೈದ್ಯರದ್ದು. ಆದರೆ ಆ ಡೋಸ್ ಹೇಗೆ ಬಂತು ಅಂತ ತಿಳಿದಿದ್ದರೆ ತಪ್ಪಾದಾಗ ಹಿಡಿಯಬಹುದು.

ಯಾವಾಗ ಬೇಕಾಗುತ್ತದೆ

ಬಾಯಿಂದ ಕೊಡಲು ಆಗದಿದ್ದಾಗ. ಮಗು ಕೊಟ್ಟಿದ್ದನ್ನೆಲ್ಲ ವಾಂತಿ ಮಾಡುತ್ತಿದೆ, ಆಪರೇಷನ್‌ಗಾಗಿ ಹೊಟ್ಟೆ ಖಾಲಿ ಇಟ್ಟಿದ್ದಾರೆ, ರೋಗಿಗೆ ನುಂಗಲು ಬರುವುದಿಲ್ಲ, ಇಂಥ ಸಂದರ್ಭಗಳು. ಬಾಯಿಂದ ಆರಾಮಾಗಿ ಕುಡಿಯುವ ಮಗುವಿಗೆ ಸುಮ್ನೆ "ಇದು ಸ್ಟ್ರಾಂಗ್" ಅಂತ ಸಪೊಸಿಟರಿ ಇಡುವುದರಲ್ಲಿ ಅರ್ಥವಿಲ್ಲ. ಪ್ಯಾರಾಸಿಟಮಾಲ್ ಯಾವ ದಾರಿಯಿಂದ ಹೋದರೂ ಅದೇ ಪ್ಯಾರಾಸಿಟಮಾಲ್. ಹಿಂದಿನಿಂದ ಹೋದದ್ದಕ್ಕೆ ಹೆಚ್ಚಿನ ಶಕ್ತಿಯೇನೂ ಬರುವುದಿಲ್ಲ.

ಇನ್ನೊಂದು ವಿಷಯ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಯಲ್ಲಿ ಸಪೊಸಿಟರಿ ಇಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ಆಗಲೇ ವೈದ್ಯರಿಗೆ ತೋರಿಸಬೇಕು. ಜ್ವರ ಇಳಿಸಿಬಿಟ್ಟರೆ ಒಳಗಿನ ಸೋಂಕು ಮರೆಯಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಒಳಗೆ ಹೋದ ಮೇಲೆ ಏನಾಗುತ್ತದೆ

ಸಪೊಸಿಟರಿಯ ಮೈ ಹೆಚ್ಚಾಗಿ ಗಟ್ಟಿ ಕೊಬ್ಬು. ನಮ್ಮ ಮನೆಯ ತುಪ್ಪ ಚಳಿಯಲ್ಲಿ ಹೆಪ್ಪುಗಟ್ಟಿ ಬಿಸಿಗೆ ಕರಗುವ ಹಾಗೆ, ಇದು ಸುಮಾರು 34–36 ಡಿಗ್ರಿಯಲ್ಲಿ ಕರಗುತ್ತದೆ. ಮೈಶಾಖ 37. ಹಾಗಾಗಿ ಒಳಗೆ ಹೋದ ಮೇಲೆ ನಿಧಾನವಾಗಿ ಕರಗಿ, ಮದ್ದು ಹೊರಬಂದು, ಗುದನಾಳದ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಅಲ್ಲಿ ದ್ರವ ಕಡಿಮೆ, ಮದ್ದನ್ನು ಹೀರುವ ಜಾಗವೂ ಸಣ್ಣಕರುಳಿಗಿಂತ ತುಂಬಾ ಕಡಿಮೆ. ಮಲ ತುಂಬಿದ್ದರೆ ಇನ್ನೂ ತಡ. ಸಿರಪ್ ಕುಡಿಸಿದರೆ ರಕ್ತದಲ್ಲಿ ಮದ್ದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗರಿಷ್ಠ ಮಟ್ಟಕ್ಕೆ ಬರುತ್ತದೆ. ಸಪೊಸಿಟರಿಯಲ್ಲಿ ಅದಕ್ಕೆ ಎರಡು ಮೂರು ಗಂಟೆ ಬೇಕಾಗಬಹುದು. ಎಷ್ಟು ಪಾಲು ರಕ್ತಕ್ಕೆ ಸೇರುತ್ತದೆ ಅನ್ನುವುದೂ ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಈ ನಿಧಾನವೇ ಮುಂದಿನ ಎಲ್ಲ ಅಪಾಯದ ಮೂಲ. ಇದನ್ನು ಬಿಟ್ಟು ಉಳಿದದ್ದೆಲ್ಲ ಮರೆತರೂ ನಡೆದೀತು.

ಈಗ ಲಿವರ್ ವಿಷಯ. ಗುದನಾಳದ ಕೆಳಭಾಗದ ರಕ್ತನಾಳಗಳು ನೇರವಾಗಿ ದೊಡ್ಡ ಅಭಿಧಮನಿಗೆ ಸೇರುತ್ತವೆ. ಮೇಲ್ಭಾಗದವು ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೆ ಹೋಗುತ್ತವೆ. ಆದ್ದರಿಂದ "ಸಪೊಸಿಟರಿ ಲಿವರ್‌ನ ಮೊದಲ ಸುತ್ತು ತಪ್ಪಿಸಿಕೊಳ್ಳುತ್ತದೆ" ಅನ್ನುವುದು ಪಠ್ಯದ ಸಾಲು. ಬಾಯಿಂದ ಕೊಟ್ಟ ಮದ್ದು ಮೈಗೆಲ್ಲ ಹರಡುವ ಮೊದಲೇ ಲಿವರ್ ಹಾದುಹೋಗುವುದನ್ನು ಮೊದಲ ಸುತ್ತು ಅನ್ನುತ್ತಾರೆ. ಇದನ್ನು ಓದಿ "ಹಾಗಾದರೆ ಲಿವರ್‌ಗೆ ತೊಂದರೆಯೇ ಇಲ್ಲ ಅಲ್ವಾ" ಅಂತ ಅನ್ನಿಸುವುದು ಸಹಜ. ಖಂಡಿತ ಹಾಗಲ್ಲ. ಮೊದಲನೆಯದಾಗಿ ಈ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ, ಗೆರೆ ಎಳೆದ ಹಾಗೆ ಬೇರೆಯಾಗಿಲ್ಲ. ಎರಡನೆಯದು ಇನ್ನೂ ಮುಖ್ಯ. ಮೊದಲ ಸುತ್ತು ತಪ್ಪಿದ ಮದ್ದೂ ರಕ್ತದಲ್ಲೇ ಸುತ್ತುತ್ತಿರುತ್ತದೆ. ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಲಿವರ್‌ಗೆ ಬಂದೇ ಬರುತ್ತದೆ. ಪ್ಯಾರಾಸಿಟಮಾಲ್ ಒಡೆದು ಬೇರೆ ರೂಪಕ್ಕೆ ಬದಲಾಗುವುದೇ ಲಿವರ್‌ನಲ್ಲಿ. ದಾರಿ ಬದಲಾದರೂ ಅದು ಕೊನೆಗೆ ತಲುಪುವ ಜಾಗ ಅದೇ. ಮೊದಲ ಸುತ್ತು ತಪ್ಪಿಸುವುದಕ್ಕೂ ಲಿವರ್‌ಗೆ ರಕ್ಷಣೆಗೂ ಸಂಬಂಧವಿಲ್ಲ. ಇವೆರಡನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಎರಡು ದಾರಿ, ಒಂದೇ ಲೆಕ್ಕ

ನಾನು ಜಾಸ್ತಿ ಹೊತ್ತು ಕಳೆದ ಭಾಗ ಇದು, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಮಕ್ಕಳಿಗೆ ಪ್ಯಾರಾಸಿಟಮಾಲ್ ಡೋಸ್ ವಯಸ್ಸಿನಿಂದ ಅಲ್ಲ, ತೂಕದಿಂದ. ಬಾಯಿಂದ ಒಂದು ಸಲಕ್ಕೆ ಕಿಲೋಗೆ 10–15 ಮಿ.ಗ್ರಾಂ. ಸಪೊಸಿಟರಿಯಲ್ಲಿ ಸಾಮಾನ್ಯವಾಗಿ ಕಿಲೋಗೆ 15ರಿಂದ 20. ದಿನಕ್ಕೆ ಕಿಲೋಗೆ 60 ಮಿ.ಗ್ರಾಂ ಅನ್ನುವ ಗೆರೆಯನ್ನು ನಾನು ಇಟ್ಟುಕೊಂಡಿದ್ದೇನೆ. ಹಸುಗೂಸಿಗೆ ಇನ್ನೂ ಕಡಿಮೆ. ಅನಸ್ತೇಶಿಯಾ ಪುಸ್ತಕಗಳಲ್ಲಿ ಕಿಲೋಗೆ 40 ಅಂತ ಕಂಡರೆ ಗೊಂದಲ ಬೇಡ. ಅದು ಆಪರೇಷನ್ ಥಿಯೇಟರ್‌ನಲ್ಲಿ ತಜ್ಞರು ಒಂದು ಸಲ ಮಾತ್ರ ಕೊಡುವ ಆರಂಭದ ಡೋಸ್. ಮನೆಗೂ ವಾರ್ಡಿಗೂ ಅದನ್ನು ತರಬಾರದು.

ನಮ್ಮಲ್ಲಿ ಮಕ್ಕಳ ಸಪೊಸಿಟರಿ 80, 170, 250 ಮಿ.ಗ್ರಾಂಗಳಲ್ಲಿ ಸಿಗುತ್ತದೆ. ಸುಮಾರು 5, 10, 15 ಕಿಲೋ ಮಕ್ಕಳಿಗೆ ಇವು ಹೊಂದುತ್ತವೆ ಅಂತ ನೆನಪಿಟ್ಟುಕೊಳ್ಳುವುದು ಸುಲಭ. ಹತ್ತಕ್ಕೆ ನೂರೆಪ್ಪತ್ತು, ಅದರ ಆಚೀಚೆ ಉಳಿದೆರಡು. ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಇದು. ಮಧ್ಯದ ತೂಕ ಬಂದರೆ? 7 ಕಿಲೋ ಮಗುವಿಗೆ 80 ಇಟ್ಟರೆ ಕಿಲೋಗೆ 11, 170 ಇಟ್ಟರೆ ಕಿಲೋಗೆ 24. ಆಗ ಕೆಳಗಿನದಕ್ಕೆ ಇಳಿಯಬೇಕು, ಮೇಲಕ್ಕೆ ಹತ್ತಬಾರದು. ಕತ್ತರಿಸಿ ಅರ್ಧ ಇಡುವುದೂ ಬೇಡ, ಮದ್ದು ಎರಡು ತುಂಡಿಗೂ ಸಮನಾಗಿ ಬಂದಿದೆ ಅಂತ ಹೇಳಲಾಗದು.

ಈಗ 10 ಕಿಲೋ ಮಗುವಿನ ಒಂದು ರಾತ್ರಿಯನ್ನು ಲೆಕ್ಕ ಹಾಕೋಣ. ದಿನದ ಮಿತಿ 600 ಮಿ.ಗ್ರಾಂ. ರಾತ್ರಿ 8ಕ್ಕೆ 170ರ ಸಪೊಸಿಟರಿ. 9 ಗಂಟೆಗೆ ಮುಟ್ಟಿ ನೋಡಿದರೆ ಮೈ ಇನ್ನೂ ಕಾದೇ ಇದೆ. ಮೇಲೆ ಹೇಳಿದ ಹಾಗೆ ಮದ್ದು ಇನ್ನೂ ಏರುತ್ತಲೇ ಇದೆ. ಆದರೆ ಮನೆಯವರಿಗೆ ಅನ್ನಿಸುವುದು "ಇದು ಕೆಲಸ ಮಾಡಲಿಲ್ಲ" ಅಂತ. ಬಾಟಲಿಯಿಂದ 5 ಮಿ.ಲೀ. ಸಿರಪ್ ಕುಡಿಸುತ್ತಾರೆ. ಆ ಸಿರಪ್ 5 ಮಿ.ಲೀ.ಗೆ 250 ಮಿ.ಗ್ರಾಂ ಇರುವುದು. ಒಟ್ಟು 420. ರಾತ್ರಿ 1ಕ್ಕೆ ಮತ್ತೆ ಜ್ವರ, ಮತ್ತೊಂದು ಸಪೊಸಿಟರಿ. ಒಟ್ಟು 590. ಇಡೀ ದಿನದ ಮಿತಿ ಐದೇ ಗಂಟೆಯಲ್ಲಿ ಮುಗಿಯಿತು. ಇನ್ನು 19 ಗಂಟೆ ಬಾಕಿ ಇದೆ, ಜ್ವರವೂ ಇದೆ.

ಇಲ್ಲಿ ಯಾರೂ ದೊಡ್ಡ ಬಾಟಲಿ ಕುಡಿಸಿಲ್ಲ. ಪ್ರತಿ ಹೆಜ್ಜೆಯೂ ಸಣ್ಣದು, ಪ್ರೀತಿಯಿಂದಲೇ ಇಟ್ಟದ್ದು. ಬಾಯಿಯದು ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ ಅಂತ ಅಂದುಕೊಂಡದ್ದಷ್ಟೇ ಕಾರಣ.

ಸಿರಪ್‌ನ ಅಳತೆಯೂ ನೋಡಬೇಕು. 5 ಮಿ.ಲೀ.ಗೆ 120 ಅಥವಾ 125 ಇರುವುದೂ ಉಂಟು, 250 ಇರುವುದೂ ಉಂಟು. ಹಸುಗೂಸುಗಳ ಡ್ರಾಪ್ಸ್ ಒಂದೇ ಮಿ.ಲೀ.ಗೆ 100. ಅಂದರೆ 1 ಮಿ.ಲೀ. ಡ್ರಾಪ್ಸ್, 125ರ ಸಿರಪ್‌ನ 4 ಮಿ.ಲೀ.ಗೆ ಸಮ. "ಐದು ಎಂಎಲ್ ಕೊಟ್ಟೆ" ಅಂತ ಯಾರಾದರೂ ಹೇಳಿದರೆ ನನ್ನ ಮುಂದಿನ ಪ್ರಶ್ನೆ "ಯಾವ ಬಾಟಲಿಯದು?" ಎಲ್ಲವನ್ನೂ ಮಿಲಿಗ್ರಾಂಗೆ ಇಳಿಸಿ ಬರೆದರೆ ಮಾತ್ರ ಕೂಡಿಸಲು ಬರುತ್ತದೆ.

ಇನ್ನೊಂದು ಸೂಕ್ಷ್ಮ. 170 ಅನ್ನು ನಾಲ್ಕು ಸಲ ಇಟ್ಟರೆ 680. ಮಿತಿ ದಾಟಿತು. ಆದ್ದರಿಂದ 10 ಕಿಲೋ ಮಗುವಿಗೆ 170ರ ಸಪೊಸಿಟರಿ ದಿನಕ್ಕೆ ಮೂರೇ. "ಆರು ಗಂಟೆಗೊಮ್ಮೆ" ಅನ್ನುವುದನ್ನು ಗಡಿಯಾರ ನೋಡಿ ಪಾಲಿಸಿದರೆ ನಾಲ್ಕಾಗಿಬಿಡುತ್ತದೆ. ಅಂತರ ಸರಿ ಇದ್ದರೂ ಮೊತ್ತ ತಪ್ಪಬಹುದು. ಎರಡನ್ನೂ ನೋಡಬೇಕು.

ಹಾಗಾದರೆ ಆ ತಾಯಿಗೆ ಉತ್ತರ: ಸಪೊಸಿಟರಿ ಇಟ್ಟ ಆರು ಗಂಟೆಯವರೆಗೆ ಪ್ಯಾರಾಸಿಟಮಾಲ್ ಸಿರಪ್ ಬೇಡ. ಮೊದಲ ಒಂದೆರಡು ಗಂಟೆ ಜ್ವರ ಇಳಿಯದಿರುವುದು ಮದ್ದಿನ ಗುಣವೇ. ಬಟ್ಟೆ ಹಗುರ ಮಾಡಿ, ನೀರು, ಎದೆಹಾಲು ಕೊಡುತ್ತಿರಿ. ಮಗು ಮಂಕಾಗಿದ್ದರೆ, ಉಸಿರಾಟ ಜೋರಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಬೇಕಾದದ್ದು ಇನ್ನೊಂದು ಡೋಸ್ ಅಲ್ಲ, ವೈದ್ಯರು. ಥರ್ಮಾಮೀಟರನ್ನು 98ಕ್ಕೆ ತರುವುದು ಗುರಿಯಲ್ಲ, ಮಗುವಿಗೆ ಹಿತವಾಗಬೇಕು ಅಷ್ಟೇ. ಜ್ವರದ ಫಿಟ್ಸ್ ತಡೆಯಲಿಕ್ಕೆ ಅಂತ ಡೋಸ್ ಏರಿಸುವುದೂ ತಪ್ಪು, ಪ್ಯಾರಾಸಿಟಮಾಲ್ ಅದನ್ನು ತಡೆಯುವುದಿಲ್ಲ.

ಇಡುವ ಕ್ರಮ

ಇದು ಎಲ್ಲರಿಗೂ ಗೊತ್ತು, ಚಿಕ್ಕದಾಗಿ ಬರೆಯುತ್ತೇನೆ. ಕೈ ತೊಳೆದು ಗ್ಲೌಸ್ ಹಾಕಿ. ಎಡಮಗ್ಗುಲಲ್ಲಿ ಮಲಗಿಸಿ, ಮೇಲಿನ ಮೊಣಕಾಲು ಹೊಟ್ಟೆ ಕಡೆ ಮಡಚಿಸಿ. ಕವಚ ಪೂರ್ತಿ ಬಿಡಿಸಿದ್ದೀರಾ ನೋಡಿ. ತುದಿಗೆ ನೀರು ಅಥವಾ ನೀರಿನಲ್ಲಿ ಕರಗುವ ಜೆಲ್ಲಿ ಸವರಿ, ವ್ಯಾಸಲೀನ್ ಬೇಡ. ಹಸುಗೂಸಿಗೆ ಒಂದೆರಡು ಸೆಂ.ಮೀ., ದೊಡ್ಡವರಿಗೆ ಎರಡು ಮೂರು ಸೆಂ.ಮೀ. ಒಳಗೆ, ಬಿಗಿಯಾದ ಸ್ನಾಯುವಿನ ಉಂಗುರ ದಾಟಿದರೆ ಸಾಕು. ದಾಟದಿದ್ದರೆ ಜಾರಿ ವಾಪಸ್ ಬರುತ್ತದೆ. ಮಗುವಿನ ಪೃಷ್ಠವನ್ನು ಕೆಲವು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ.

ಚೂಪು ತುದಿ ಮೊದಲೋ, ಮೊಂಡು ತುದಿಯೋ? 1991ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈಜಿಪ್ಟ್‌ನ ವೈದ್ಯರು ಮೊಂಡು ತುದಿ ಮೊದಲು ಇಟ್ಟರೆ ಒಳಗೆ ಚೆನ್ನಾಗಿ ನಿಲ್ಲುತ್ತದೆ ಅಂತ ಬರೆದರು. ಅಂದಿನಿಂದ ಚರ್ಚೆ ಇದೆ. ಹೆಚ್ಚಿನ ಔಷಧ ಚೀಟಿಗಳು ಈಗಲೂ ಚೂಪು ತುದಿ ಅನ್ನುತ್ತವೆ. ಪರೀಕ್ಷೆಯಲ್ಲೂ ಅದನ್ನೇ ಬರೆಯಿರಿ. ಸುರಕ್ಷತೆಗೆ ಸಂಬಂಧಿಸಿ ಇದು ಸಣ್ಣ ವಿಷಯ.

ದೊಡ್ಡ ವಿಷಯ ಅದು ಹೊರಗೆ ಬಂದಾಗ ಏನು ಮಾಡಬೇಕು ಅನ್ನುವುದು. ಇಟ್ಟ ತಕ್ಷಣ ಪೂರ್ತಿ ಗುಳಿಗೆಯೇ ಹಾಗೇ ಜಾರಿ ಬಂದರೆ ಅದನ್ನು ಮತ್ತೆ ಇಡಬಹುದು. ಅರ್ಧ ಕರಗಿ ಮಲದ ಜೊತೆ ಬಂದರೆ ಎಷ್ಟು ಒಳಗೆ ಸೇರಿದೆ ಅಂತ ಹೇಳುವ ದಾರಿಯೇ ಇಲ್ಲ. ಆಗ ಪೂರ್ತಿ ಡೋಸ್ ಸೇರಿದೆ ಅಂತಲೇ ಲೆಕ್ಕಕ್ಕೆ ಬರೆದು ವೈದ್ಯರನ್ನು ಕೇಳಿ. ಹೊಸದನ್ನು ಇಡಬೇಡಿ.

ಸ್ಟೋರೇಜ್ ಬಗ್ಗೆ ಒಂದು ಮಾತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಾಪ 40 ದಾಟುತ್ತದೆ. ಅಲ್ಲಿ ಸಪೊಸಿಟರಿ ಕಪಾಟಿನಲ್ಲೇ ಕರಗುತ್ತದೆ. ಪೊಟ್ಟಣದ ಮೇಲೆ ಬರೆದ ತಾಪ ನೋಡಿ ಇಡಿ. ಸ್ವಲ್ಪ ಮೆತ್ತಗಾಗಿದ್ದರೆ ಕವಚ ಬಿಡಿಸದೆ ಫ್ರಿಜ್‌ನಲ್ಲಿ ಕೆಲವು ನಿಮಿಷ ಇಟ್ಟರೆ ಗಟ್ಟಿಯಾಗುತ್ತದೆ. ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿ ಆಕಾರ ಕೆಟ್ಟಿದ್ದರೆ ಬಿಸಾಡಿ. ಕರಗಿದಾಗ ಮದ್ದು ಒಂದು ಕಡೆ ತಳ ಸೇರಿರಬಹುದು.

ಡೈಕ್ಲೊಫೆನಾಕ್ ಬೇರೆ ಜಾತಿ

ಸಿಸೇರಿಯನ್ ಆದವರಿಗೆ ನೋವಿಗೆ 100 ಮಿ.ಗ್ರಾಂ ಡೈಕ್ಲೊಫೆನಾಕ್ ಸಪೊಸಿಟರಿ ಇಡುವುದು ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯದ ಮಾತು. ಇಲ್ಲೂ ಒಂದೇ ಲೆಕ್ಕದ ನಿಯಮ. ದೊಡ್ಡವರಿಗೆ ದಿನಕ್ಕೆ 150 ಮಿತಿ. 100ರ ಸಪೊಸಿಟರಿ ಆದ ಮೇಲೆ 75ರ ಇಂಜೆಕ್ಷನ್ ಕೊಟ್ಟರೆ 175. ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಎರಡೂ ಸೇರಿದ ಮಾತ್ರೆಗಳೂ ಧಾರಾಳವಾಗಿವೆ, ಮೇಲಿನ ಹೆಸರಿನ ಬದಲು ಒಳಗಿನ ಮದ್ದು ಓದಬೇಕು.

"ಹೊಟ್ಟೆಗೆ ಹೋಗುವುದಿಲ್ಲ, ಹಾಗಾಗಿ ಅಲ್ಸರ್ ಆಗುವುದಿಲ್ಲ" ಅನ್ನುವ ಮಾತು ಕೇಳುತ್ತೇವೆ. ಇದು ಲಿವರ್ ಗೊಂದಲದ ತಮ್ಮ. ಡೈಕ್ಲೊಫೆನಾಕ್ ಹೊಟ್ಟೆಯನ್ನು ಕೆಡಿಸುವುದು ಮುಟ್ಟಿದ್ದರಿಂದ ಮಾತ್ರ ಅಲ್ಲ. ರಕ್ತದಲ್ಲಿ ಸೇರಿ ಹೊಟ್ಟೆಯ ಒಳಪೊರೆಯನ್ನು ಕಾಪಾಡುವ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಗ್ಗಿಸುತ್ತದೆ. ಹಿಂದಿನಿಂದ ಹೋದರೂ ಅದೇ ಕಥೆ. ಅಲ್ಸರ್, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರಿಗೆ, ಆಸ್ಪಿರಿನ್‌ನಿಂದ ಉಬ್ಬಸ ಬರುವವರಿಗೆ, ಗರ್ಭದ ಕೊನೆಯ ಮೂರು ತಿಂಗಳಲ್ಲಿರುವವರಿಗೆ ಇದು ಬೇಡ.

ಮಳೆಗಾಲದಲ್ಲಿ ಇನ್ನೂ ಎಚ್ಚರ. ಜ್ವರ ಡೆಂಗ್ಯೂ ಇರಬಹುದು ಅನ್ನುವ ಅನುಮಾನ ಇದ್ದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೂರೂ ದೂರ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಕಿಡ್ನಿಗೂ ಪೆಟ್ಟು. ಪ್ಲೇಟ್‌ಲೆಟ್ ಇಳಿದಿದ್ದರೆ ಪ್ಯಾರಾಸಿಟಮಾಲ್ ಸಪೊಸಿಟರಿಯನ್ನೂ ವೈದ್ಯರನ್ನು ಕೇಳದೆ ಇಡಬಾರದು, ಅಲ್ಲಿನ ಮೆತ್ತನೆ ಪೊರೆ ಗೀರಿದರೆ ರಕ್ತ ನಿಲ್ಲುವುದು ಕಷ್ಟ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕಡಿಮೆಯಾದವರಿಗೂ ಗುದಮಾರ್ಗ ಬೇಡ, ಸಣ್ಣ ಗೀರಿನಿಂದಲೇ ಸೋಂಕು ರಕ್ತಕ್ಕೆ ಇಳಿಯಬಹುದು. ಭೇದಿ, ರಕ್ತ ಬರುವ ಮೂಲವ್ಯಾಧಿ, ಹೊಸದಾಗಿ ಆದ ಗುದದ ಆಪರೇಷನ್ ಇದ್ದರೂ ಇದೇ ಮಾತು.

ಡೋಸ್ ಮೀರಿದರೆ

ಪ್ಯಾರಾಸಿಟಮಾಲ್‌ನ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಗ್ಲುಟಾಥಯೋನ್ ಅನ್ನುವ, ಲಿವರ್ ಕೋಶಗಳಲ್ಲೇ ಇರುವ ರಕ್ಷಕ ವಸ್ತು ಅದನ್ನು ಕೂಡಲೇ ಹಿಡಿದು ನಿರುಪದ್ರವಿ ಮಾಡುತ್ತದೆ. ಡೋಸ್ ಮೀರಿದಾಗ ಗ್ಲುಟಾಥಯೋನ್ ಖಾಲಿಯಾಗಿ ವಿಷ ಲಿವರ್ ಕೋಶಗಳನ್ನೇ ಕೊಲ್ಲುತ್ತದೆ. ಊಟ ಬಿಟ್ಟು, ವಾಂತಿಯಿಂದ ಸೊರಗಿದ ಮಗುವಿನಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ. ಸಪೊಸಿಟರಿ ಹೆಚ್ಚಾಗಿ ಬೇಕಾಗುವುದೂ ಅಂಥ ಮಗುವಿಗೇ, ಗಮನಿಸಿ.

ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು. ಲಿವರ್‌ನ ಲಕ್ಷಣಗಳು ಒಂದೆರಡು ದಿನ ತಡವಾಗಿ ಬರುತ್ತವೆ. ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಶುರುವಾದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ "ಆಟ ಆಡ್ತಾ ಇದೆಯಲ್ಲ, ನೋಡೋಣ" ಅಂತ ಕಾಯುವಂತಿಲ್ಲ. ಲೆಕ್ಕ ಮೀರಿದೆ ಅನ್ನಿಸಿದರೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಖಾಲಿ ಸಪೊಸಿಟರಿ ಕವಚ, ಸಿರಪ್ ಬಾಟಲಿ, ಪ್ರತಿ ಡೋಸ್ ಕೊಟ್ಟ ಸಮಯ ಬರೆದ ಚೀಟಿ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಕ್ಯಾಶುವಾಲ್ಟಿಯಲ್ಲಿ ಮೊದಲು ಕೇಳುವುದು ಅದನ್ನೇ.