ನಾಯಿಯ ಮಾತ್ರೆ ಖರ್ಚು ಕೈ ಮೀರುತ್ತಿದೆ, ಯಾರನ್ನು ಕೇಳಲಿ?

ಪ್ರಶ್ನೆ: ನಮ್ಮ ನಾಯಿಗೆ ಫಿಟ್ಸ್ ಬರುತ್ತದೆ. ಬದುಕಿರುವಷ್ಟು ಕಾಲ ಮಾತ್ರೆ ಕೊಡಬೇಕಂತೆ. ಪ್ರತಿ ತಿಂಗಳೂ ಹಣ ಹೊಂದಿಸುವುದು ಕಷ್ಟವಾಗಿದೆ. ಎಲ್ಲಾದರೂ ಸಹಾಯ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ಮೊದಲು ಕೇಳಬೇಕಾದ್ದು ನಿಮ್ಮ ಪಶುವೈದ್ಯರನ್ನೇ. "ತಿಂಗಳಿಗೆ ಇಷ್ಟೇ ನಮ್ಮ ಕೈಲಾಗುವುದು" ಎಂದು ನೇರವಾಗಿ ಹೇಳಿಬಿಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೇಳದೆ ಸುಮ್ನೆ ಡೋಸ್ ತಪ್ಪಿಸುವುದೇ ನಿಜವಾದ ಅಪಾಯ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಥಟ್ಟನೆ ನಿಂತರೆ, ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

ವೈದ್ಯರಿಗೆ ವಿಷಯ ಗೊತ್ತಾದರೆ ಮದ್ದಿನ ಚೀಟಿಯಲ್ಲೇ ಖರ್ಚು ಇಳಿಯಬಹುದು. ಫಿನೋಬಾರ್ಬಿಟಾಲ್, ಥೈರಾಯ್ಡ್‌ಗೆ ಲಿವೊಥೈರಾಕ್ಸಿನ್, ಹೃದಯದ ತೊಂದರೆಗೆ ಫ್ಯೂರೊಸೆಮೈಡ್, ಬೆಕ್ಕಿನ ಬಿಪಿಗೆ ಆಮ್ಲೊಡಿಪಿನ್, ಇವೆಲ್ಲ ಮನುಷ್ಯರೂ ತೆಗೆದುಕೊಳ್ಳುವ ಔಷಧಿಗಳೇ. ಜೆನೆರಿಕ್, ಅಂದರೆ ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದ ಅದೇ ಔಷಧಿ, ಬರೆದುಕೊಡಬಹುದೇ ಎಂದು ಕೇಳಿ, ಚೀಟಿ ಹಿಡಿದು ಎರಡು ಮೂರು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ. ಪ್ರಾಣಿಗಳಿಗೆಂದೇ ಅನುಮತಿ ಪಡೆದ ಔಷಧಿಯನ್ನೇ ಮೊದಲು ಬರೆಯಬೇಕೆಂಬ ನಿಯಮ ಕೆಲವು ದೇಶಗಳಲ್ಲಿದೆ. ಹಾಗಿದ್ದರೆ ವೈದ್ಯರೇ ತಿಳಿಸುತ್ತಾರೆ.

ಆದರೆ ಮನೆಯಲ್ಲಿರುವ ಮಾತ್ರೆಯನ್ನು ನೀವೇ ಆರಿಸಿ ಕೊಡಬೇಡಿ, ದಯವಿಟ್ಟು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕೆಲವು ಸಿರಪ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಇನ್ನು ಹೊರಗಿನ ಸಹಾಯ. ಪ್ರಾಣಿ ದಯಾ ಸಂಘಗಳು, ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಕೆಲವು ಕಡೆ ಆಸ್ಪತ್ರೆಯವರೇ ಇಟ್ಟಿರುವ ನಿಧಿಗಳು ಇರುತ್ತವೆ. ಆದಾಯದ ದಾಖಲೆ, ರೋಗದ ವಿವರ, ಖರ್ಚಿನ ಅಂದಾಜು ಕೇಳುತ್ತಾರೆ. ಹಣ ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದಿಲ್ಲ, ನೇರ ಆಸ್ಪತ್ರೆಗೆ ಹೋಗುತ್ತದೆ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಬಹಳ ಕಡೆ ಕೊಡುವುದಿಲ್ಲ, ಹಾಗಾಗಿ ಮೊದಲೇ ಅರ್ಜಿ ಹಾಕಿ. ಇಂಥ ನೆರವು ಹೆಚ್ಚಾಗಿ ಒಂದು ಸಲದ ಖರ್ಚಿಗೆ, ತಿಂಗಳು ತಿಂಗಳ ಮಾತ್ರೆಗಲ್ಲ. ಪರವಾಗಿಲ್ಲ. ಫಿನೋಬಾರ್ಬಿಟಾಲ್ ತೆಗೆದುಕೊಳ್ಳುವ ನಾಯಿಗೆ ಆಗಾಗ ರಕ್ತಪರೀಕ್ಷೆ ಬೇಕೇ ಬೇಕು ಅಲ್ವಾ? ಅದಕ್ಕೆ ನೆರವು ಕೇಳಿ. ನಿಮ್ಮ ಹಣ ಮಾತ್ರೆಗೆ ಉಳಿಯುತ್ತದೆ.

ವಿಮೆಯನ್ನು ಈಗ ನೆಚ್ಚಬೇಡಿ. ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ.

ಅರ್ಜಿಗೆ ಉತ್ತರ ಬರುವುದು ತಡವಾಗಬಹುದು. ಅಷ್ಟರಲ್ಲಿ ಮಾತ್ರೆ ಮುಗಿಯುತ್ತಾ ಬಂದಿದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಒಂದು ವಾರಕ್ಕಾಗುವಷ್ಟು ಮಾತ್ರೆಯನ್ನಾದರೂ ಕೊಡಲು, ಹಣವನ್ನು ಕಂತಿನಲ್ಲಿ ತೆಗೆದುಕೊಳ್ಳಲು ಕೇಳಿ.