ಕೊರಳಲ್ಲಿ ಟ್ಯೂಬ್ ಇರುವ ಕೂಸಿಗೆ ಊಟ ಯಾಕೆ ಕಷ್ಟ?

ಆಳಂದ ಕಡೆಯ ಒಂದು ಮನೆ. ಎರಡು ವರ್ಷದ ಕೂಸಿನ ಕೊರಳಲ್ಲಿ ಉಸಿರಾಟದ ಟ್ಯೂಬ್ ಇದೆ. ತೊಗರಿಬೇಳೆ ಕಟ್ಟಿನಲ್ಲಿ ಅನ್ನ ನುಣ್ಣಗೆ ಕಿವುಚಿ ಅಜ್ಜಿ ಚಮಚ ತಂದರೆ ಸಾಕು, ಮುಖ ತಿರುಗಿಸಿ ತುಟಿ ಬಿಗಿ ಹಿಡಿಯುತ್ತದೆ. "ಹಟ ಮಾಡ್ತದ್ರೀ" ಅಂತಾರೆ ನೆರೆಯವರು. ಅದು ಹಟ ಅಲ್ಲ.

1830ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಟ್ರೂಸೋ ಗಂಟಲಮಾರಿ ಬಂದ ಮಕ್ಕಳ ಕೊರಳು ಕೊಯ್ದು ಉಸಿರಿಗೆ ದಾರಿ ಮಾಡಿದರು. 1952ರಲ್ಲಿ ಕೋಪನ್‌ಹೇಗನ್‌ನ ಪೋಲಿಯೋ ರೋಗಿಗಳನ್ನು ಉಳಿಸಿದ್ದೂ ಇದೇ ದಾರಿ. ಲಸಿಕೆಗಳು ಬಂದು ಆ ರೋಗಗಳು ಇಳಿದವು. ಈಗ ಟ್ಯೂಬ್ ಬೀಳುವುದು ಬೇರೆ ಮಕ್ಕಳಿಗೆ. ತಿಂಗಳು ತುಂಬದೆ ಹುಟ್ಟಿ ವಾರಗಟ್ಟಲೆ ವೆಂಟಿಲೇಟರ್‌ನಲ್ಲಿದ್ದವರು, ಉಸಿರು ದಾರಿ ಕಿರಿದಾದವರು, ನರದ ತೊಂದರೆ ಇರುವವರು. ಟ್ಯೂಬ್ ವರ್ಷಗಟ್ಟಲೆ ಇರುವುದೂ ಉಂಟು. ಊಟದ ಪ್ರಶ್ನೆ ದೊಡ್ಡದಾಗಿದ್ದು ಇಲ್ಲಿಂದಲೇ.

ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ಮುಚ್ಚಿಕೊಳ್ಳಬೇಕು. ಟ್ಯೂಬ್ ಅದನ್ನು ತಡೆಯಬಹುದು. ಕೆಲವು ಟ್ಯೂಬಿನ ಸುತ್ತ ಗಾಳಿ ತುಂಬುವ ಬಲೂನ್ ಇರುತ್ತದೆ, ಅದು ಜಾಸ್ತಿ ಉಬ್ಬಿದರೆ ಹಿಂದಿನ ಅನ್ನನಾಳವನ್ನೂ ಒತ್ತುತ್ತದೆ. ಗಾಳಿ ಮೂಗಿನಲ್ಲಿ ಸರಿಯಾಗಿ ಹಾಯುವುದಿಲ್ಲ, ಹಾಗಾಗಿ ಒಗ್ಗರಣೆಯ ಘಮವೂ ಸಿಗುವುದಿಲ್ಲ. ಘಮ ಇಲ್ಲದ ಮೇಲೆ ರುಚಿ ಎಲ್ಲಿಂದ ಬರಬೇಕು? ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ, ಅಲ್ವಾ? ಇವರಲ್ಲಿ ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಹಾಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಅದಕ್ಕೇ ಪರೀಕ್ಷೆ ಮಾಡಿಸದೆ ಬಾಯಿಗೆ ಸುಮ್ನೆ ತುರುಕಬಾರದು.

ಇನ್ನೊಂದು ಕಾರಣ ಇನ್ನೂ ಆಳದ್ದು. ಆರು ತಿಂಗಳಿನಿಂದ ಕೂಸು ಚೀಪುತ್ತಾ ಅಗಿಯಲು ಕಲಿಯುತ್ತದೆ. ಅದೇ ಹೊತ್ತಿನಲ್ಲಿ ಈ ಮಕ್ಕಳ ಮುಖಕ್ಕೆ ಸಿಕ್ಕಿದ್ದು ಕಫ ಎಳೆಯುವ ಸಕ್ಷನ್ ನಳಿಕೆ, ಅಂಟುಪಟ್ಟಿ. ಬಾಯಿ ಹತ್ತಿರ ಏನು ಬಂದರೂ ನೋವು ಅಂತ ಅವಕ್ಕೆ ಗೊತ್ತಾಗಿದೆ. 1980ರ ಹೊತ್ತಿಗೆ ಹೊಟ್ಟೆ ದೊಡ್ಡದಾಗಿ ಕೊಯ್ಯದೆ ಜಠರಕ್ಕೆ ನೇರ ನಳಿಕೆ ಹಾಕುವ ವಿಧಾನ ಬಂತು. ತೂಕ ಏರಿತು, ಜೀವ ಉಳಿಯಿತು. ಆದರೆ ಬಾಯಿಗೆ ಪಾಠ ಕಲಿಸುವುದು ಹಾಗೇ ಉಳಿಯಿತು.

ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ನುಂಗುವುದನ್ನು ಕಲಿಸುವ ಥೆರಪಿಸ್ಟ್ ಮನೆ ಹತ್ತಿರ ಸಿಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ, ಆದರೆ ಅದು ರಾಜ್ಯದ ಆ ತುದಿಯಲ್ಲಿದೆ. ಟ್ಯೂಬ್ ಹಾಕಿದ ವಾರದಲ್ಲೇ ಈ ಕಲಿಕೆ ಶುರುವಾಗಬೇಕು ಅನ್ನುವುದು ನನ್ನ ಮಾತು.

ಆ ಅಜ್ಜಿ ಈಗ ಎಲ್ಲರೂ ಉಣ್ಣುವಾಗ ಕೂಸನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೈಗೆ ಖಾಲಿ ಚಮಚ ಕೊಡುತ್ತಾರೆ. ಹೈದರಾಬಾದಿನಲ್ಲಿ ಹೇಳಿಕೊಟ್ಟಿದ್ದು. ಸಕ್ಷನ್ ಮಷಿನ್ ಹೊತ್ತುಕೊಂಡು ಮತ್ತೆ ಅಲ್ಲಿಗೆ ಹೋಗುವುದು ಎರಡು ತಿಂಗಳ ನಂತರ.