ಲಾಭಕ್ಕಲ್ಲ, ಮಾರಾಟಕ್ಕೆ ತೆರಿಗೆ: ವೈದ್ಯಕೀಯ ಉಪಕರಣ ಕಂಪನಿಗಳು ಯಾಕೆ ಸಿಟ್ಟಾದವು?

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಸೇರಿದವರಿಗೆ ತೆರಿಗೆಯ ಪಾಠ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಅವರಿಗಾಗಿ ಈ ಟಿಪ್ಪಣಿ. ತೆರಿಗೆ ಎಷ್ಟು ಎನ್ನುವುದಕ್ಕಿಂತ ಯಾವುದರ ಮೇಲೆ ಎನ್ನುವುದೇ ಮುಖ್ಯ. ಅದನ್ನು ಅಮೆರಿಕದ ಈ ಜಗಳ ಚೆನ್ನಾಗಿ ತೋರಿಸುತ್ತದೆ.

2009ರಲ್ಲಿ ಒಬಾಮ ಸರ್ಕಾರ ಹೆಚ್ಚು ಜನರಿಗೆ ಆರೋಗ್ಯ ವಿಮೆ ಕೊಡಲು ಹೊರಟಿತು. ಅದಕ್ಕೆ ದುಡ್ಡು ಬೇಕಲ್ಲ? ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟಿನ ಹಣಕಾಸು ಸಮಿತಿಯಲ್ಲಿ, ಉಪಕರಣ ತಯಾರಕರಿಂದ 10 ವರ್ಷದಲ್ಲಿ 4,000 ಕೋಟಿ ಡಾಲರ್ ಪಡೆಯುವ ಪ್ರಸ್ತಾವ ಬಂತು. ಉದ್ಯಮ ತಿರುಗಿಬಿತ್ತು. ಮಿನೆಸೋಟ ರಾಜ್ಯ ಇಂಥ ಕಂಪನಿಗಳ ನೆಲೆ. ಅಲ್ಲಿನ ಡೆಮಾಕ್ರಾಟ್ ಸೆನೆಟರ್‌ಗಳು ತಮ್ಮದೇ ಪಕ್ಷದ ಪ್ರಸ್ತಾವಕ್ಕೆ ತಕರಾರು ತೆಗೆದರು. ಮೊತ್ತ ಅರ್ಧಕ್ಕಿಳಿಯಿತು. ಕೊನೆಗೆ 2010ರ ಕಾನೂನಿನಲ್ಲಿ 2.3% ತೆರಿಗೆ ಸೇರಿತು. 2013ರ ಜನವರಿ 1ರಿಂದ ಜಾರಿಗೂ ಬಂತು. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಶ್ರವಣ ಸಾಧನಗಳಿಗೆ ವಿನಾಯಿತಿ ಇತ್ತು.

2.3% ತೀರಾ ಕಡಿಮೆ ಅನ್ನಿಸುತ್ತದೆ, ಅಲ್ವಾ? ಇಲ್ಲಿ ನಿಧಾನಿಸಿ. ಈ ತೆರಿಗೆ ಬಿದ್ದದ್ದು ಮಾರಾಟದ ಬೆಲೆಯ ಮೇಲೆ. 100 ರೂಪಾಯಿಯ ಮಾರಾಟದಲ್ಲಿ 20 ರೂಪಾಯಿ ಲಾಭ ಇರುವ ಕಂಪನಿಗೆ ಅದು ಲಾಭದ 11.5%. ಲಾಭ ಬರೀ 5 ರೂಪಾಯಿಯಾದರೆ 46%. ನಷ್ಟದಲ್ಲಿದ್ದರೂ ಆ 2 ರೂಪಾಯಿ 30 ಪೈಸೆ ಕಟ್ಟಲೇಬೇಕು. ಕುಂಬಳೆ ಪೇಟೆಯ ಹೊಸ ಅಂಗಡಿಯೊಂದಕ್ಕೆ ಕೈಯಲ್ಲಿ ಏನೂ ಉಳಿಯದ ತಿಂಗಳಲ್ಲೂ ಗಲ್ಲಾಪೆಟ್ಟಿಗೆ ನೋಡಿ ತೆರಿಗೆ ಕೇಳಿದ ಹಾಗೆ. ಹೊಸ ಉಪಕರಣ ಕಂಡುಹಿಡಿಯುವ ಸಣ್ಣ ಕಂಪನಿಗಳು ಶುರುವಿನ ವರ್ಷಗಳಲ್ಲಿ ನಷ್ಟದಲ್ಲೇ ಇರುವುದು ಜಾಸ್ತಿ. ಹಾಗಾಗಿ ಅವರ ದೂರು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಆದರೆ ಉದ್ಯಮದ ಎಲ್ಲ ವಾದವನ್ನೂ ಹಾಗೇ ಒಪ್ಪಬೇಡಿ. ‘ಕಾರ್ಖಾನೆಗಳು ದೇಶ ಬಿಟ್ಟು ಹೋಗುತ್ತವೆ’ ಎಂದರು. ಹೋಗಿ ಏನು ಪ್ರಯೋಜನ? ಅಮೆರಿಕದಲ್ಲಿ ಮಾರಿದರೆ ಸಾಕು, ಆಮದು ಮಾಲಿಗೂ ಅದೇ ತೆರಿಗೆ. ರಫ್ತಿಗೆ ತೆರಿಗೆಯೇ ಇರಲಿಲ್ಲ. ಕಟ್ಟಿದ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚಾಗಿ ತೋರಿಸಲೂ ಬಹುದಿತ್ತು. ಉದ್ಯಮ ಸಂಘದ ವರದಿ 43,000 ಉದ್ಯೋಗ ಹೋಗಬಹುದು ಎಂದಿತ್ತು. ಅಮೆರಿಕ ಸಂಸತ್ತಿನ ಸಂಶೋಧನಾ ವಿಭಾಗ ಲೆಕ್ಕ ಹಾಕಿದಾಗ ಪರಿಣಾಮ ತೀರಾ ಸಣ್ಣದು ಎಂದು ಕಂಡಿತು.

ಹಾಗಾದರೆ ಹೊರೆ ಯಾರ ಮೇಲೆ? ಪೇಸ್‌ಮೇಕರ್ ಬೇಕಾದವರು ಬೆಲೆ ಏರಿತೆಂದು ಕೊಳ್ಳದೆ ಕೂರುವುದಿಲ್ಲ. ಬೆಲೆ ಏರಿದರೂ ಬೇಡಿಕೆ ಹೆಚ್ಚು ಇಳಿಯದ ಸರಕಿನಲ್ಲಿ ತೆರಿಗೆ ಬಹುಪಾಲು ಕೊಳ್ಳುವವರ ಕಡೆಗೆ ಜಾರುತ್ತದೆ. ಅಮೆರಿಕದಲ್ಲಿ ಅದು ಮೊದಲು ಆಸ್ಪತ್ರೆ, ವಿಮೆಯ ಮೇಲೆ. ಹೃದಯದ ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ನಮ್ಮವರಲ್ಲಿ ವಿಮೆ ಇಲ್ಲದವರಿಗೆ ಅಂಥ ಏರಿಕೆ ನೇರ ಬಿಲ್ಲಿನಲ್ಲೇ ಬರುತ್ತದೆ.

2016ರಿಂದ ಆ ತೆರಿಗೆಯನ್ನು ತಡೆಹಿಡಿದರು. 2019ರ ಡಿಸೆಂಬರಿನಲ್ಲಿ ಪೂರ್ತಿ ರದ್ದಾಯಿತು.

ಪರೀಕ್ಷೆಯಲ್ಲಿ ಹೋಲಿಕೆ ಕೇಳಿದರೆ 2020ರ ನಮ್ಮ ಕೇಂದ್ರ ಬಜೆಟ್ ನೆನಪಿಡಿ. ಆಮದಾಗುವ ಕೆಲವು ವೈದ್ಯಕೀಯ ಉಪಕರಣಗಳ ಮೇಲೆ 5% ಆರೋಗ್ಯ ಸೆಸ್ ಹಾಕಿದರು. ಆಮದುದಾರರು ವಿರೋಧಿಸಿದರು, ದೇಶದೊಳಗಿನ ತಯಾರಕರು ಸ್ವಾಗತಿಸಿದರು. ಅಮೆರಿಕದಲ್ಲಿ ಇಡೀ ಉದ್ಯಮ ಒಂದೇ ಕಡೆ ನಿಂತಿತ್ತು, ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಇಲ್ಲಿ ತೆರಿಗೆ ಬಿದ್ದದ್ದು ಹೊರಗಿನಿಂದ ಬಂದ ಮಾಲಿಗೆ ಮಾತ್ರ.